ಮುಟ್ಟಿನ ರಜೆ

"ಮುಟ್ಟಂತೆ ಮುಟ್ಟು! ಹೋದ್ ವಾರ ಬೆನ್ನು ನೋವು ಅಂದೆ, ಈಗ ಹೊಟ್ಟೆ ನೋವಾ? ನಿನ್ ಮೈಯಾಗೆ ನೋವಿಲ್ದಿರೋ ಜಾಗ ಯಾವ್ದೈತೆ ಹೇಳು, ಅದಕ್ಕೇ ಕೆಲ್ಸ ಕೊಡ್ತೀನಿ."

ಮೇಸ್ತ್ರಿ ದರ್ಸಾನ ಹೀಗೆಂದದ್ದೇ ತಡ, ಹಾಜರಿಗೆ ನಿಂತಿದ್ದ ಗಂಡಸರೆಲ್ಲ ಘೊಳ್ಳೆಂದು ನಕ್ಕರು. ಇನ್ನೂ ಬೆಳಕು ಹರಿದಿರಲಿಲ್ಲ. ತಾಳೆ ತೋಟದ ಕಚೇರಿಯ ಮುಂದೆ ಒಂದೇ ದೀಪ, ಅದರ ಕೆಳಗೆ ಮೇಸ್ತ್ರಿಯ ಹೊಟ್ಟೆ. ಕಳೆಗೆ ಔಷಧಿ ಹೊಡೆಯುವ ಹೆಂಗಸರ ಸಾಲಿನಲ್ಲಿ ಜುಮಿರಾ ಹೊಟ್ಟೆ ಒತ್ತಿಕೊಂಡು ನಿಂತಿದ್ದಳು. ಗೊನೆ ಕೊಯ್ಯುವ ಗಂಡಸರ ಸಾಲಿನಲ್ಲಿ ಅವಳ ಗಂಡ ತುಕಿರಾನ್, ಉದ್ದ ಕೋಲಿನ ಕುಡುಗೋಲನ್ನು ಹೆಗಲಿಗೇರಿಸಿ, ತಾನೂ ನಕ್ಕ. ನಗದಿದ್ದರೆ ಪಕ್ಕದವನು ಏನೆಂದುಕೊಂಡಾನು?

"ಕಾನೂನಿನಾಗೆ ಎರಡು ದಿನ ರಜೆ ಐತಲ್ಲ, ಪಾಕ್," ಎಂದಳು ಜುಮಿರಾ. ತೋಟದಲ್ಲಿ ದೊಡ್ಡವರಿಗೆಲ್ಲ 'ಪಾಕ್' ಎನ್ನಲೇಬೇಕು.

"ಕಾನೂನು ಜಕಾರ್ತಾದಾಗೈತೆ. ನೀನು ನನ್ ತೋಟದಾಗಿದ್ದೀಯ. ಆಸ್ಪತ್ರೆ ಕೋಣೆಗೋಗಿ ಕಾಂಪೌಂಡರ್‌ಗೆ ಬಿಚ್ಚಿ ತೋರ್ಸು. ಅವ್ನು ಹೌದು ಅಂದ್ರೆ ರಜೆ. ಅಲ್ಲ ಅಂದ್ರೆ ಔಷಧಿ ಡಬ್ಬ ಬೆನ್ನಿಗೇರಿಸ್ಕೊಂಡು ನಡಿ." ಮೇಸ್ತ್ರಿ ಈಚೆ ತಿರುಗಿದ. "ಏನ್ಲಾ ತುಕಿರಾನ್, ನಿನ್ ಹೆಂಡ್ತಿ ಲೆಕ್ಕ ನಿಂಗಾದ್ರೂ ಗೊತ್ತೇನ್ಲಾ? ಗಂಡ್ಸು ತಾನೆ ನೀನು?"

ಗೊತ್ತು ಎಂದರೆ ಹೆಂಡತಿಯ ಸೆರಗು ಹಿಡಿದವನು, ಗೊತ್ತಿಲ್ಲ ಎಂದರೆ ಕೈಲಾಗದವನು. ತುಕಿರಾನ್ ತಲೆ ಕೆರೆದುಕೊಂಡು ಹಲ್ಲು ಕಿರಿದ. ಜುಮಿರಾ ಅವನತ್ತ ಒಮ್ಮೆ ನೋಡಿ ಆಸ್ಪತ್ರೆ ಕೋಣೆಯ ಕಡೆ ನಡೆದಳು.

ಹಾಗೆ ನೋಡಿದರೆ ತುಕಿರಾನ್ ಅಂತಿಂಥ ಗಂಡಸಲ್ಲ. ಎಲ್ಲರಿಗಿಂತ ಎತ್ತರದ ಮರದ ಗೊನೆ ಉರುಳಿಸುವವನು ಅವನೇ, ಅದನ್ನು ಒಂದೇ ಏಟಿಗೆ ಎತ್ತಿ ಗಾಡಿಗೆ ಎಸೆಯುವವನೂ ಅವನೇ. ಅಂಥ ತೋಳುಗಳು ಪೊರಕೆಯನ್ನಾಗಲಿ ನೀರಿನ ಬಕೆಟ್ಟನ್ನಾಗಲಿ ಮುಟ್ಟಿದ್ದನ್ನು ಲೈನ್ ಮನೆಗಳಲ್ಲಿ ಯಾರೂ ಕಂಡಿಲ್ಲ. ಹೆಂಡತಿಯ ಕೆನ್ನೆಗೆ ಬಾರಿಸಿದ್ದನ್ನು ಮಾತ್ರ ಎಲ್ಲರೂ ಕಂಡಿದ್ದರು. ಬಾರಿಸಿದ್ದೇ ಎಲ್ಲರೂ ಕಾಣಲಿ ಎಂದು. ಅವತ್ತು ಗೆಳೆಯರು ಅವನಿಗೆ ಕಾಫಿ ಕುಡಿಸಿದ್ದರು.

ಇವತ್ತೂ ಸಂಜೆ ಕಾಫಿ ಅಂಗಡಿಯಲ್ಲಿ ಗಂಡಸ್ತನ ಕುದಿಯುತ್ತಿತ್ತು.

"ನನ್ ಹೆಂಡ್ತಿಗೆ ಯಾವನಾರ ಹಂಗಂದಿದ್ರೆ ಅಲ್ಲೇ ಕುಯ್ದು ಗೊನೆ ಜತೆ ಗಾಡಿಗಾಕ್ತಿದ್ದೆ," ಎಂದು ಪೊನಿಜಾನ್ ಲವಂಗದ ಸಿಗರೇಟಿನ ಹೊಗೆ ಬಿಟ್ಟ. ತುಕಿರಾನನ ಜತೆಗಾರ ಅವನು, ಮೈಯಲ್ಲಿ ಅರ್ಧ, ಬಾಯಲ್ಲಿ ಎರಡರಷ್ಟು.

ಅಂಗಡಿಯ ಸಾರಿನೆಮ್ ಹಿಟ್ಟಿಗದ್ದಿದ ಬಾಳೆಹಣ್ಣು ಕರಿಯುತ್ತಲೇ ಅಂದಳು, "ನಿನ್ ಹೆಂಡ್ತಿ ಹೋದ್ ತಿಂಗ್ಳು ಅದೇ ಕೋಣೆಗೆ ಹೋಗಿದ್ಲಲ್ಲೋ."

"ಅವ್ಳು ಜ್ವರದ ಮಾತ್ರೆಗೆ ಹೋಗಿದ್ಲು!"

"ಹೂಂ ಕಣಪ್ಪ. ಎಲ್ಲಾರ ಹೆಂಡ್ರೂ ಜ್ವರದ ಮಾತ್ರೆಗೇ ಹೋಗಾದು. ಬರೋವಾಗ ಒಬ್ಳ ಕೈಯಾಗೂ ಮಾತ್ರೆ ಇರಲ್ಲ."

ಗಂಡಸರೆಲ್ಲ ತಂತಮ್ಮ ಲೋಟದೊಳಗೆ ಇಣುಕಿದರು. ಅಲ್ಲಿ ಕಾಫಿ ಪುಡಿ ಬಿಟ್ಟರೆ ನೋಡುವಂಥದ್ದೇನೂ ಇರಲಿಲ್ಲ. ತುಕಿರಾನ್ ಎದ್ದು ಮನೆಗೆ ಬಂದ, ಕೋಲಿನಿಂದ ಕುಡುಗೋಲು ಕಳಚಿದ, ಸಾಣೆಕಲ್ಲು ಹುಡುಕಿದ.

"ಏನ್ ಮಾಡ್ತಿದ್ದೀಯ, ಕಾಂಗ್?" ಗಂಡನನ್ನು ಹಾಗೆಂದೇ ಕರೆಯುವ ಜುಮಿರಾ ಮರಗೆಣಸಿನ ಸೊಪ್ಪು ಬಿಡಿಸುತ್ತಿದ್ದಳು.

"ನಾಳೆ ಆ ಕಾಂಪೌಂಡರ್ ಬೋಳಿಮಗನ ಕೈ ಇರಲ್ಲ."

"ಅವ್ನು ಕೈ ಹಚ್ಚಲಿಲ್ಲ. ಟೀ ಕುಡೀತಿದ್ದ. ಬಿಚ್ಚು ಅಂದ, ಬಿಚ್ದೆ. ಚಡ್ಡೀನೂ ಅಂದ. ಲೋಟ ಕೂಡ ಕೆಳಗಿಡ್ಲಿಲ್ಲ ಕಣೋ, ಗುಟುಕು ಕುಡ್ದು ಹೌದು ಅಂದ." ಅವಳು ಸೊಪ್ಪನ್ನು ಕೊಡವಿದಳು. "ಅದಕ್ಕಿಂತ ಮುಂಚೆ ನೀನು ನಕ್ಕೆ."

"ಎಲ್ರೂ ನಕ್ರು."

"ಎಲ್ರ ಹೆಂಡ್ತಿ ಅಲ್ಲ ನಾನು."

ನಾಚಿಕೆಯಾದಾಗ ಸಿಟ್ಟು ಮಾಡುವುದೊಂದೇ ತುಕಿರಾನನಿಗೆ ಬರುತ್ತಿತ್ತು, ಸಾಣೆಕಲ್ಲನ್ನು ಗರಗರ ಉಜ್ಜಿದ.

"ಉಜ್ಜು, ಚೆನ್ನಾಗಿ ಉಜ್ಜು," ಎಂದಳು ಜುಮಿರಾ. "ನೀನು ಕಡಿದು ಜೈಲಿಗೆ ಹೋಗ್ತೀಯ, ಎಲ್ರೂ ನಿನ್ನ ಗಂಡ್ಸು ಅಂದ್ರೆ ಗಂಡ್ಸು ಅಂತಾರೆ. ಸಂಜೆಗೆ ಲೈನ್ ಮನೆ ಖಾಲಿ ಮಾಡ್ಸಿ ನನ್ನ ಪಾತ್ರೆಪಗಡ ರಸ್ತೆಗೆ ಎಸೀತಾರೆ. ತೋಳು ಬಿಟ್ರೆ ಇನ್ನೇನೂ ಇಲ್ವಾ ನಿನ್ ಹತ್ರ?"

"ಮತ್ತೇನ್ ಮಾಡ್ಲಿ ಹೇಳು!"

"ರಜೆ ಕೇಳಾಕೆ ಆ ಕೋಣೆ ಮುಂದೆ ನೀನೂ ಸಾಲಿನಾಗೆ ನಿಲ್ಲು."

"ನಾನಾ? ನಂದೇನೈತೆ ಅಂತ ನೋಡ್ತಾನೆ ಅವ್ನು?"

"ನಂದೇನೈತೆ ಅಂತ ನೋಡ್ದ?"

ಸಾಣೆಕಲ್ಲು ನಿಂತಿತು. ಕೈ ಕಡಿಯುವುದೇ ಸುಲಭವಿತ್ತಲ್ಲ ಎಂದು ತುಕಿರಾನನಿಗೆ ಅನ್ನಿಸಿತು. ಕುಡುಗೋಲನ್ನು ಮೂಲೆಗೆ ಒರಗಿಸಿ ಪಕ್ಕದ ಲೈನಿಗೆ ಹೋದ. ವಿಷಯ ಕೇಳಿ ಪೊನಿಜಾನ್ ನೆಲಕ್ಕೆ ಬಿದ್ದು ಉರುಳಾಡಿ ನಕ್ಕ. ಒಳಗಿನಿಂದ ಅವನ ಹೆಂಡತಿ, "ನೀನೂ ಹೋಗು. ಜ್ವರದ ಮಾತ್ರೆ ಕೊಡ್ತಾರೆ," ಅಂದಳು. ಅವನ ನಗು ಅಲ್ಲಿಗೆ ನಿಂತಿತು.

ಮರುದಿನ ಹಾಜರಿಗೆ ಮುಂಚೆಯೇ ಆಸ್ಪತ್ರೆ ಕೋಣೆಯ ಜಗಲಿಯ ಮೇಲೆ ಸಾಲು ಬೆಳೆದಿತ್ತು. ಎಲ್ಲರಿಗಿಂತ ಮುಂದೆ ತುಕಿರಾನ್, ಬೆನ್ನಿಗೆ ಪೊನಿಜಾನ್, ಅವನ ಹಿಂದೆ ಗೊನೆ ಕೊಯ್ಯುವ ಗುಂಪಿನ ಮುಕ್ಕಾಲು ಪಾಲು. ತಮಾಷೆಗೆ ಬಂದವರಿದ್ದರು, ಹೆಂಡತಿಗೆ ಹೆದರಿ ಬಂದವರಿದ್ದರು, ರಾತ್ರಿಯಿಡೀ ನಿದ್ದೆ ಬಾರದೆ ಬಂದವರೂ ಇದ್ದರು. ಹೆಂಗಸರು ಪಕ್ಕದಲ್ಲಿ ನಿಂತಿದ್ದರು.

"ಏ ಪೊನಿಜಾನ್, ಸರಿಯಾಗಿ ನಿಲ್ಲೋ. ಹೊಟ್ಟೆ ಹಿಡ್ಕೊ, ಸ್ವಲ್ಪ ನರಳು," ಎಂದು ಯಾರೋ ಹೆಂಗಸು ಹೇಳಿಕೊಟ್ಟಳು.

ಪೊನಿಜಾನ್ ನರಳಿದ. ಅವನಿಗೆ ಹೆರಿಗೆ ನೋವೇ ಬಂದಂತಿತ್ತು.

ಮೇಸ್ತ್ರಿ ದರ್ಸಾನ ಏದುಸಿರು ಬಿಡುತ್ತ ಓಡಿಬಂದ. "ಏನ್ರೋ ಇದು? ಮರ ನಿಮ್ಮಪ್ಪ ಕುಯ್ತಾನಾ?"

"ರಜೆ ಬೇಕಿತ್ತು ಪಾಕ್. ಮುಟ್ಟಿನ ರಜೆ," ಎಂದ ತುಕಿರಾನ್.

"ತಲೆ ಕೆಟ್ಟೈತೇನ್ಲಾ ಸೂಳೆಮಗ್ನೆ? ಗಂಡ್ಸಿಗೆಲ್ಲೈತೋ ಮುಟ್ಟು?"

"ನಿಮ್ಗೆಂಗೆ ಗೊತ್ತು? ನೋಡ್ದೆ ಹೇಳಂಗಿಲ್ಲ ಅಂತ ನೀವೇ ಮಾಡಿರೋ ರೂಲ್ಸು. ಕಾಂಪೌಂಡರ್ ನೋಡ್ಲಿ. ಅಲ್ಲ ಅಂದ್ರೆ ಕುಡುಗೋಲು ತಗೊಂಡು ಹೋಗ್ತೀವಿ."

ಕಾಂಪೌಂಡರ್ ಹಮ್ದಾನ್ ಪರದೆ ಸರಿಸಿ ಹೊರಗೆ ಬಂದ. ತುಕಿರಾನ್ ಪ್ಯಾಂಟಿನ ಗುಂಡಿ ಬಿಚ್ಚಿದ. ಪ್ಯಾಂಟು ಕಾಲಬುಡಕ್ಕೆ ಬಿತ್ತು. ಒಳಗೆ ಗೊಬ್ಬರದ ಚೀಲದಲ್ಲಿ ಹೊಲಿದ ಚಡ್ಡಿ, ಅದರ ಹಿಂಬದಿಯಲ್ಲಿ 'ಒಣ ಜಾಗದಲ್ಲಿ ಇಡಿ' ಎಂಬ ಅಚ್ಚು. ಹೆಂಗಸರು ಬಾಯಿಗೆ ಬಟ್ಟೆ ತುರುಕಿಕೊಂಡರು.

"ಅಸ್ತಗ್‌ಫಿರುಲ್ಲಾ!" ಹಮ್ದಾನ್ ಮುಖ ತಿರುಗಿಸಿದ. "ಎಳ್ಕೊಳೋ ಮೇಲಕ್ಕೆ! ಹೆಂಗಸ್ರ ಮುಂದೆ ನಾಚ್ಕೆ ಆಗಲ್ವಾ?"

"ಆಗ್ತೈತೆ, ಪಾಕ್. ಚಡ್ಡೀನೂ ಬಿಚ್ಚಬೇಕಲ್ಲ?"

"ಬೇಡ! ಬೇಡ ಮಾರಾಯ!"

"ನನ್ ಹೆಂಡ್ತಿಗೆ ಬೇಕು ಅಂದ್ರಂತೆ."

ಎಂದವನೇ ಅದನ್ನೂ ಜಾರಿಸಿದ. ಅಂಗಿಯ ತುದಿ ತೊಡೆಯವರೆಗೆ ಇಳಿದು ಒಂದಿಷ್ಟು ಮಾನ ಕಾಯಿತು. ಜಗಲಿಯ ಮೇಲೆ ನಗು ಸಿಡಿಯಿತು. ಮೇಸ್ತ್ರಿ ಮೊಬೈಲ್ ಕಿವಿಗೆ ಹಚ್ಚಿಕೊಂಡು ಯಾರಿಗೋ ಬಗ್ಗಿ ಬಗ್ಗಿ ಮಾತನಾಡಿದ.

ಸ್ವಲ್ಪ ಹೊತ್ತಿಗೆಲ್ಲ ಮಣ್ಣಿನ ದಾರಿಯಲ್ಲಿ ಧೂಳೆಬ್ಬಿಸುತ್ತ ಮ್ಯಾನೇಜರನ ಜೀಪು ಬಂತು. ನಗು ಒಂದೇ ಸಲಕ್ಕೆ ಸತ್ತಿತು. ತಮಾಷೆಗೆ ಬಂದವರಲ್ಲಿ ಕೆಲವರು ಮೆಲ್ಲಗೆ ಜಗಲಿಯಿಂದ ಇಳಿದರು. ತುಕಿರಾನನ ತೊಡೆಗೆ ಗಾಳಿ ಸೋಕಿ ಮೈ ಜುಮ್ಮೆಂದಿತು. ಅಷ್ಟು ಕಣ್ಣುಗಳೂ ತನ್ನ ಮೇಲಿವೆ ಎಂಬುದು ಅವನಿಗೆ ಈಗಷ್ಟೇ ಹೊಳೆದಿತ್ತು. ಆ ದೊಡ್ಡ ತೋಳುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬಗ್ಗಿ ಪ್ಯಾಂಟಿಗೆ ಕೈ ಹಾಕಿದ.

"ಎತ್ಕೋಬೇಡ," ಎಂದಳು ಜುಮಿರಾ. ಅವಳ ಮುಖದಲ್ಲಿ ನಗುವಿರಲಿಲ್ಲ. "ಅವ್ರು ಸರಿ ಅನ್ನೋವರ್ಗೂ ಎತ್ಕೊಳ್ಳಂಗಿಲ್ಲ."

ತುಕಿರಾನ್ ಕೈ ಬಿಟ್ಟು ನೆಟ್ಟಗೆ ನಿಂತ. ಹೆಂಡತಿಯ ಮುಖ ನೋಡಲಾಗಲಿಲ್ಲ, ಆದರೂ ನೋಡಿದ.

ಜೀಪಿನ ಬಾಗಿಲು ತೆರೆಯಿತು. ಮ್ಯಾನೇಜರ್ ಕಪ್ಪು ಕನ್ನಡಕ ತೆಗೆದು, "ಏನಿದು ಅಸಹ್ಯ?" ಎಂದ.

ತುಕಿರಾನನ ಬೆನ್ನ ಹಿಂದೆ ಪೊನಿಜಾನನ ಬೆಲ್ಟಿನ ಕೊಂಡಿ ಕಳಚಿದ ಸದ್ದು ಕೇಳಿಸಿತು. ಆಮೇಲೆ ಅವನ ಹಿಂದಿನವನದು.