ಮೊಣಕಾಲು ಮಡಚದೆ

"ನೆಲದ ಮೇಲಿನ ನೋಟು ಬಾಯಲ್ಲಿ ಎತ್ತಿದ ದಿನ ಈ ಡೊಳ್ಳು ನಿಂದು ಕಣೇ ಮಂಜಿ. ಭೈರಪ್ಪನ ಮಾತು."

ನಾನಿನ್ನೂ ಲಂಗ ತೊಡುವ ವಯಸ್ಸಿನಲ್ಲಿದ್ದಾಗ ಅಪ್ಪ ಕೊಟ್ಟ ಮಾತು ಇದು. ಆಯುಧಪೂಜೆಯ ದಿನ, ಭದ್ರಾವತಿಯ ನಮ್ಮ ಮನೆಯ ಅಂಗಳದಲ್ಲಿ, ತಂಡದ ಗಂಡಸರೆಲ್ಲ ಮಂಡಕ್ಕಿ ತಿನ್ನುತ್ತಾ ಕೂತಿದ್ದಾಗ ಹೇಳಿದ್ದು. ಅಪ್ಪ ಭೈರಪ್ಪ ಡೊಳ್ಳು ಕುಣಿತದ ತಂಡದ ಯಜಮಾನ. ನಮ್ಮ ಮನೆಯಲ್ಲಿ ಡೊಳ್ಳು ವರ್ಷಕ್ಕೊಮ್ಮೆ ಅದೇ ದಿನ ಮೊಳೆಯಿಂದ ಇಳಿದು ಪೂಜೆಗೆ ಕೂರುತ್ತಿತ್ತು. ಪೂಜೆ ಮುಗಿದ ಮೇಲೆ ಅದನ್ನು ಕಟ್ಟಿಕೊಂಡವನು ಒಂದು ಆಟ ಆಡಿ ತೋರಿಸಬೇಕು. ನೋಟನ್ನು ಉದ್ದಕ್ಕೆ ಮಡಚಿ ನೆಲದ ಮೇಲೆ ಗುಡಾರದ ಹಾಗೆ ನಿಲ್ಲಿಸುತ್ತಾರೆ. ಡೊಳ್ಳನ್ನು ಸೊಂಟದ ಪಕ್ಕಕ್ಕೆ ಸರಿಸಿಕೊಂಡು, ಕಾಲು ಅಗಲಿಸುತ್ತಾ ಅಗಲಿಸುತ್ತಾ ಬಾಗಿ, ಆ ನೋಟನ್ನು ತುಟಿಯಲ್ಲಿ ಕಚ್ಚಿ ಎತ್ತಬೇಕು. ಮೊಣಕಾಲು ಮಡಚಬಾರದು. ಕೈಯ ಬಡಿತ ನಿಲ್ಲಬಾರದು.

ಅಪ್ಪ ಎತ್ತುತ್ತಿದ್ದ. ಆ ದಿನ ಅವನು ಎತ್ತಿ ನಿಂತಾಗ ನನಗೂ ಡೊಳ್ಳು ಬೇಕೆಂದು ಹಟ ಹಿಡಿದೆ. ಗಂಡಸರು ನಕ್ಕರು. ಅಪ್ಪ ನಗಲಿಲ್ಲ, ಮಾತು ಕೊಟ್ಟ. ಅಲ್ಲಿಂದ ಹಿತ್ತಲಲ್ಲಿ ಒಲೆಗೆ ತಂದಿಟ್ಟ ಕಟ್ಟಿಗೆಯ ಮರೆಯಲ್ಲಿ ಬಾಗಿದ್ದೇ ಬಾಗಿದ್ದು. ಇನ್ನೇನು ತುಟಿ ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ದೊಡ್ಡವಳಾದೆ. ಕಾಲು ಅಗಲಿಸಿ ನಿಲ್ಲೋದು ಇನ್ನು ಸಾಕು ಎಂದಳು ಅವ್ವ. ಅಲ್ಲಿಗೆ ನಿಂತಿತು.

ಆಮೇಲೆ ಮದುವೆ, ಶಿವಮೊಗ್ಗದ ಪಕ್ಕದ ಮಲವಗೊಪ್ಪದಲ್ಲಿ ಬಾಡಿಗೆ ಮನೆ, ಮಗಳು ತನುಶ್ರೀ, ಗಾರ್ಮೆಂಟ್ಸ್‌ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮೆಷಿನ್‌ ಮುಂದೆ ಕೂತು ಶರ್ಟಿನ ಕಾಲರ್‌ ಹೊಲಿಯುವವಳಿಗೆ ಬೆನ್ನು ಒಂದು ಹಲಗೆ. ಡೊಳ್ಳಿನ ಮಾತನ್ನು ನಾನು ಮರೆತಿರಲಿಲ್ಲ, ಆದರೆ ಅದನ್ನು ಎತ್ತಿ ಆಡುವ ಸಂದರ್ಭವೂ ಬಂದಿರಲಿಲ್ಲ.

ಬಂದದ್ದು ಹೋದ ವರ್ಷದ ಆಯುಧಪೂಜೆಗೆ. ಅಪ್ಪನಿಗೆ ಸೊಂಟದ ಆಪರೇಷನ್‌ ಆಗಿತ್ತು. ಇನ್ನು ತನ್ನ ಕೈಲಿ ಡೊಳ್ಳು ಹೊರಲಾಗುವುದಿಲ್ಲ, ಮೊಮ್ಮಗ ಸುದೀಪನಿಗೆ ಕೊಡುತ್ತೇನೆ ಎಂದ. ಸುದೀಪ ನನ್ನ ಅಣ್ಣನ ಮಗ, ಒಳ್ಳೆಯ ಹುಡುಗ. ದಿನಾ ಜಿಮ್ಮಿಗೆ ಹೋಗುತ್ತಾನೆ, ತೋಳು ನೋಡಿದರೆ ಅಂಗಿಯೊಳಗೆ ತೆಂಗಿನಕಾಯಿ ಕಟ್ಟಿಕೊಂಡ ಹಾಗೆ. ಆದರೆ ಬೂಟಿನ ಲೇಸು ಕಟ್ಟಲು ಅವನಿಗೆ ಕುರ್ಚಿ ಬೇಕು.

ಪಕ್ಕದಲ್ಲಿ ತನು ನಿಂತಿದ್ದಳು. ಅವಳು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಾಳೆ; ಕಾಲೇಜು ಬಿಟ್ಟ ಮೇಲೆ ದುರ್ಗಿಗುಡಿಯ ಒಂದು ಹಾಲ್‌ನಲ್ಲಿ ಹೆಣ್ಣುಮಕ್ಕಳ ಡೊಳ್ಳು ತಂಡದ ಜೊತೆ ಕಲಿಯುತ್ತಾಳೆ. ಅಲ್ಲಿರುವ ಡೊಳ್ಳುಗಳಿಗೆ ಸರದಿ. ತನ್ನದು ಅಂತ ಒಂದು ಇದ್ದವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ, ಇಲ್ಲದವರು ತಾಳ ಹಿಡಿದು ಹಿಂದೆ. ನನ್ನ ಮಗಳು ತಾಳ ಹಿಡಿಯುತ್ತಿದ್ದಳು. ಅಜ್ಜ ಡೊಳ್ಳಿಗೆ ಕುಂಕುಮ ಹಚ್ಚುವುದನ್ನು ಅವಳು ನೋಡುತ್ತಿದ್ದ ರೀತಿ ಕಂಡು ನನಗೆ ತಡೆಯಲಾಗಲಿಲ್ಲ.

ನೀನು ನನಗೆ ಕೊಟ್ಟ ಮಾತು ಏನಾಯಿತು ಅಂತ ಅಪ್ಪನನ್ನು ಕೇಳಿದೆ. ನೋಟು ಎತ್ತಿದವರಿಗೆ ತಾನೆ ಡೊಳ್ಳು? ಸುದೀಪ ಎತ್ತಲಿ ನೋಡೋಣ. ತನುವೂ ಎತ್ತಲಿ.

ಅಪ್ಪ ತನುವಿನ ಕಡೆ ತಿರುಗಿ, ಸ್ವಲ್ಪ ಬಾಗು ಅಂದ. ಅವಳು ಬಾಗಿದಳು. ಕೈ ಮೊಣಕಾಲಿನ ಕೆಳಗೆ ಇಳಿಯಲಿಲ್ಲ.

"ಇದೇನೇ ಇದು, ಲೈಟು ಕಂಬ ಬಾಗ್ದಂಗೆ ಬಾಗ್ತೀಯ," ಅಂದಳು ಅವ್ವ.

ಅಪ್ಪ ನಕ್ಕ. ಆದರೂ ಮಾತಿನ ಮನುಷ್ಯ. ಬರೋ ವರ್ಷದ ಪೂಜೆಯವರೆಗೆ ಡೊಳ್ಳು ಮೊಳೆ ಮೇಲೆಯೇ ಇರಲಿ, ಅವತ್ತು ಇಬ್ಬರೂ ಎತ್ತಿ ತೋರಿಸಲಿ ಎಂದ.

ಮೊದಲು ತಪ್ಪಿದ್ದು ನಮ್ಮ ತಂಡದ ಹಳೆಯ ಪದ್ಧತಿಯಿಂದ. ಬಗ್ಗದವರನ್ನು ಬಗ್ಗಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಕಾಲು ಅಗಲಿಸಿ ಕೂರಿಸಿ, ಇಬ್ಬರು ಬೆನ್ನ ಮೇಲೆ ಕೈಯಿಟ್ಟು, ಡೊಳ್ಳಿನ ಏಟಿಗೆ ಸರಿಯಾಗಿ ಒತ್ತುವುದು. ಏಟು ಜೋರಾದಂತೆ ಒತ್ತೂ ಜೋರು. ಗದ್ದೆ ಕೆಲಸ ಮಾಡಿ ಪಳಗಿದ ಹುಡುಗರ ಮೈಗೆ ಅದು ನಡೆಯುತ್ತಿತ್ತೋ ಏನೋ. ದೀಪಾವಳಿಗೆ ಹೋದಾಗ ಅಪ್ಪ ತನುವನ್ನು ಹಾಗೆ ಕೂರಿಸಿದ. ಒತ್ತಲು ಸುದೀಪ ಮತ್ತು ಅವನ ಗೆಳೆಯ. ನಾನು ಒಳಗೆ ಕಾಯಿ ತುರಿಯುತ್ತಿದ್ದೆ. ಅವಳ ಕೂಗು ಕೇಳಿ ಓಡಿ ಬಂದರೆ, ತೊಡೆಯ ಹಿಂಭಾಗ ಹಿಡಿದುಕೊಂಡು ಮಗುಚಿಕೊಂಡಿದ್ದಳು. ನರ ಎಳೆದುಕೊಂಡಿತ್ತು. ಬಸ್‌ ಹತ್ತಿಸಲು ನಾನೂ ಸುದೀಪನೂ ಎರಡೂ ಕಡೆ ಹಿಡಿಯಬೇಕಾಯಿತು. ಪಾಪ, ಆ ಹುಡುಗನಿಗೆ ಅಳುವೇ ಬಂದಿತ್ತು.

ಅವತ್ತು ಅಪ್ಪನಿಗೆ ನಾನು ಜೀವಮಾನದಲ್ಲಿ ಆಡದ ಮಾತುಗಳನ್ನೆಲ್ಲ ಆಡಿದೆ. ಅವನು ಹೇಳಿದ್ದು ಇಷ್ಟೇ: "ಹದ ಮೀರಿದ ಬಿದಿರು ಬಗ್ಗಲ್ಲ ಕಣೇ. ನಾನೇನ್ ಮಾಡ್ಲಿ?"

ಆ ಮಾತು ತನುವಿಗೆ ಒತ್ತಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಡಾಕ್ಟರು ಕಾಲಿಗೆ ಪಟ್ಟಿ ಸುತ್ತಿ, ವಿಶ್ರಾಂತಿ ಹೇಳಿ ಕಳಿಸಿದರು. ಅವಳು ತಂಡ ಬಿಟ್ಟುಬಿಡುತ್ತೇನೆ ಎಂದಳು. ತಾಳ ಹಿಡಿಯಲೂ ಹೋಗಲಿಲ್ಲ.

ನಮ್ಮ ಗಾರ್ಮೆಂಟ್ಸ್‌ನಲ್ಲಿ ಬೆಳಿಗ್ಗೆ ಒಂದು ಬೆಲ್‌ ಆಗುತ್ತದೆ. ಮೆಷಿನ್‌ ನಿಲ್ಲಿಸಿ, ಎದ್ದು ನಿಂತು, ಸ್ಪೀಕರ್‌ನಲ್ಲಿ ಹೇಳಿದ ಹಾಗೆ ಕುತ್ತಿಗೆ, ಭುಜ, ಸೊಂಟ ಎಳೆದು ಬಿಡಬೇಕು. ಅದನ್ನು ನಾವೆಲ್ಲ ಆಕಳಿಸುವ ಬೆಲ್‌ ಅನ್ನುತ್ತಿದ್ದೆವು. ಕೈ ಮೇಲೆತ್ತಿ ಪಕ್ಕದವಳ ಜಡೆ ಎಳೆಯುವುದು, ಬಗ್ಗುವ ನೆಪದಲ್ಲಿ ಕೆಳಗೆ ಬಿದ್ದ ದಾರದ ಬಾಬಿನ್‌ ಹುಡುಕುವುದು. ತನು ಮಲಗಿದ್ದ ಆ ದಿನಗಳಲ್ಲಿ ನಾನು ಮೊದಲ ಬಾರಿಗೆ ಅದನ್ನು ಮನಸ್ಸಿಟ್ಟು ಮಾಡಿದೆ. ನಮಗೆ ಅದನ್ನು ಕಲಿಸಲು ಬರುತ್ತಿದ್ದ ಸುಪ್ರಿಯಾ ಅನ್ನುವ ಹುಡುಗಿಯನ್ನು ಊಟದ ಹೊತ್ತಿನಲ್ಲಿ ಹಿಡಿದು ಮಗಳ ಕಥೆ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, ಒಬ್ಬಟ್ಟು ಮಾಡ್ತೀರಾ ಅಂತ.

ಮಾಡ್ತೀನಿ ಅಂದೆ.

"ಕಣಕ ಕಲಸಿದ ತಕ್ಷಣ ತಟ್ಟಿದ್ರೆ ಏನಾಗುತ್ತೆ ಅಕ್ಕಾ?"

"ಹರಿಯುತ್ತೆ."

"ನೆನೆಯೋಕೆ ಬಿಟ್ರೆ?"

ನೆನೆದರೆ ಎಲೆಯ ಅಂಚಿನವರೆಗೂ ಹೋಗುತ್ತದೆ. ಮೈಯೂ ಹಾಗೇ ಎಂದಳು. ನೋವು ಪೂರ್ತಿ ಹೋಗುವವರೆಗೆ ಮುಟ್ಟಬೇಡಿ. ಆಮೇಲೆ ಸ್ವಲ್ಪ ಓಡಾಡಿ ಮೈ ಬಿಸಿ ಮಾಡಿಕೊಳ್ಳಲಿ. ಎಲ್ಲಿ ಹಿಡಿಯುತ್ತದೋ ಅಲ್ಲಿಗೇ ನಿಂತು ಉಸಿರು ಬಿಡುತ್ತಿರಲಿ. ಜಗ್ಗಬಾರದು, ಒತ್ತಬಾರದು, ಒಂದು ದಿನವೂ ತಪ್ಪಿಸಬಾರದು.

ತನುವನ್ನು ಒಪ್ಪಿಸುವುದೇ ಕಷ್ಟವಾಯಿತು. ನನ್ನದು ಬಗ್ಗೋ ಮೈ ಅಲ್ಲಮ್ಮ ಅಂತ ಗೋಡೆ ಕಡೆ ತಿರುಗಿದಳು. ಹಾಗಾದರೆ ನನ್ನದು ಬಗ್ಗೋ ಮೈಯಾ ಅಂತ, ಕೆಲಸದಿಂದ ಬಂದವಳು ಬ್ಯಾಗನ್ನೂ ಒಳಗಿಡದೆ ಅವಳ ಎದುರಿಗೇ ನೆಲದ ಮೇಲೆ ಕಾಲು ಅಗಲಿಸಿ ಕೂತೆ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಿಂದ ಶುರುವಾಯಿತು.

ದಿನಾ ಸಂಜೆ, ಅಕ್ಕಿ ಒಲೆ ಮೇಲಿಟ್ಟು ಅನ್ನ ಆಗುವವರೆಗೆ. ಎದುರುಬದುರು ಕೂತು ಅಂಗಾಲಿಗೆ ಅಂಗಾಲು ಕೊಡುತ್ತಿದ್ದೆವು. ಟವೆಲ್‌ ಪಾದಕ್ಕೆ ಹಾಕಿ ಹಿಡಿದು ಉಸಿರು ಬಿಡುವುದು, ಗೋಡೆಗೆ ಕಾಲೆತ್ತಿ ಮಲಗುವುದು. ನಮ್ಮೆಜಮಾನರು ಟೆಂಪೊ ನಿಲ್ಲಿಸಿ ಒಳಗೆ ಬಂದವರು ನಮ್ಮಿಬ್ಬರ ಕಾಲು ದಾಟಲು ಜಾಗವಿಲ್ಲದೆ ಹೊಸ್ತಿಲಲ್ಲೇ ನಿಂತು, "ಊಟ ಕೊಡೋರು ಎದ್ದೇಳೋ ಸೂಚನೆ ಇದೆಯಾ ಮಾರಾಯ್ತಿ?" ಅಂತ ಕೇಳುತ್ತಿದ್ದರು. ಕೊನೆಗೆ ಅವರೇ ಸಾರು ಬಿಸಿ ಮಾಡಲು ಕಲಿತರು.

ನಿಂತು ಬಾಗಲು ಶುರು ಮಾಡಿದಾಗ ಎದುರಿಗೆ ಒಂದು ಸ್ಟೂಲ್‌ ಇಟ್ಟುಕೊಂಡೆವು. ಹಣೆ ಅದಕ್ಕೆ ತಾಗಬೇಕು. ಚಳಿ ಮುಗಿಯುವ ಹೊತ್ತಿಗೆ ಸ್ಟೂಲ್‌ ಹೋಗಿ ಅಕ್ಕಿ ಡಬ್ಬ ಬಂತು. ಬೇಸಿಗೆಯಲ್ಲಿ ಮೈ ಬೇಗ ಸಡಿಲವಾಗುತ್ತಿತ್ತು. ಡಬ್ಬ ಹೋಗಿ ತಲೆದಿಂಬು ಬಂತು. ಅಲ್ಲಿ ನಿಂತುಬಿಟ್ಟಿತು ನೋಡಿ. ವಾರಗಟ್ಟಲೆ ತಲೆದಿಂಬಿನಿಂದ ಕೆಳಗೆ ಇಳಿಯಲಿಲ್ಲ. ತನು ಒಂದು ಸಂಜೆ ದಿಂಬನ್ನು ಎತ್ತಿ ಬಾಗಿಲಾಚೆ ಎಸೆದಳು. ಎತ್ತಿಕೊಂಡು ಬಂದು ಧೂಳು ಕೊಡವಿ ಅದೇ ಜಾಗದಲ್ಲಿಟ್ಟೆ. ನನಗೂ ಸುಸ್ತೇ. ಕಾಲರ್‌ ಹೊಲಿದು ಹೊಲಿದು ಕಣ್ಣು ಉರಿಯುತ್ತಿತ್ತು. ಆದರೆ ಅವಳು ಬಾಗುವಾಗ ನಾನು ತಟ್ಟೆಯ ಮೇಲೆ ಸೌಟಿನಿಂದ ಡೊಳ್ಳಿನ ಬಡಿತದ ನಡೆ ಬಾರಿಸುತ್ತಿದ್ದೆ. ನಾನು ಬಾಗುವಾಗ ಅವಳು. ಹಾಗೆ ಬಾರಿಸುವಾಗ ಅಪ್ಪನ ಬಡಿತ ಕೇಳಿ ಕಲಿತದ್ದೆಲ್ಲ ನನ್ನ ಕೈಗೆ ನೆನಪಿದೆ ಅನ್ನುವುದು ನನಗೇ ಗೊತ್ತಾಗಿ ಮೈ ಜುಮ್ಮೆನ್ನುತ್ತಿತ್ತು.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ದಿನ ದಿಂಬಿನ ಜಾಗಕ್ಕೆ ಊಟದ ಮಣೆ ಬಂತು. ನನ್ನ ಮಗಳ ಹಣೆ ಮಣೆಗೆ ತಾಗಿದ ಸದ್ದು ಟೊಕ್‌ ಅಂತ ಕೇಳಿಸಿತು. ಅವಳು ಹಾಗೇ ತಲೆಕೆಳಗಾಗಿ ಇದ್ದುಕೊಂಡೇ ನಕ್ಕಳು. ದುರ್ಗಿಗುಡಿಯ ಹಾಲ್‌ಗೆ ಅವಳು ಮತ್ತೆ ಹೋಗತೊಡಗಿದ್ದಳು. ಅವಳು ಮೈ ಸಡಿಲಿಸುವುದನ್ನು ಕಂಡು ಬೇರೆ ಹುಡುಗಿಯರೂ ಕಲಿಸಿಕೊಡು ಅಂದಿದ್ದರಂತೆ. ಲೈಟು ಕಂಬ ಅನ್ನಿಸಿಕೊಂಡವಳು ಈಗ ಹತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಜಗ್ಗಬೇಡಿ, ಉಸಿರು ಬಿಡಿ ಅನ್ನುತ್ತಿದ್ದಳು. ಒಂದು ದಿನ ಶಿವಮೊಗ್ಗದ ಕೋಟೆಯ ಕಡೆ ಕೆಲಸವಿದ್ದು, ಹಾಗೇ ಹೋಗಿ ಆ ಹಾಲ್‌ನ ಕಿಟಕಿಯಿಂದ ನೋಡಿ ಬಂದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದೆ, ಅಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಿರುವವಳು ನನ್ನ ಮಗಳು ಅಂತ.

ಈ ವರ್ಷದ ಆಯುಧಪೂಜೆಗೆ ಮೂವರೂ ಭದ್ರಾವತಿಗೆ ಹೋದೆವು. ಡೊಳ್ಳಿಗೆ ಹೂವು ಮುಡಿಸಿ ಪೂಜೆಯಾಯಿತು. ಅಪ್ಪ ಕುರ್ಚಿಯ ಮೇಲೆ ಕೂತು, ಹತ್ತರ ನೋಟನ್ನು ಮಡಚಿ ಅಂಗಳದ ನಡುವೆ ಇಡಿಸಿದ.

ಮೊದಲು ಸುದೀಪ. ಡೊಳ್ಳು ಕಟ್ಟಿಕೊಂಡು ಗಟ್ಟಿಯಾಗಿ ಬಾರಿಸಿದ, ಬಾಗಿದ, ಮೊಣಕಾಲು ಮಡಚಿತು. ನಿಂತು ಬೆವರು ಒರೆಸಿಕೊಂಡ.

"ಅಜ್ಜ, ನನ್ ಕೈಲಾಗಲ್ಲ. ಈ ನೋಟು ಬೇಕಾದ್ರೆ ಫೋನ್‌ಪೇ ಮಾಡ್ತೀನಿ."

ಎಲ್ಲರೂ ನಕ್ಕರು, ಅಪ್ಪನೂ ನಕ್ಕ. ಆಮೇಲೆ ತನು. ಅವಳಿಗೆ ಹಗ್ಗ ಬಿಗಿದವನು ಸುದೀಪನೇ. ನಡೆ ಹಿಡಿದಳು. ಕಾಲು ಒಂದೊಂದಾಗಿ ಪಕ್ಕಕ್ಕೆ ಜಾರಿದವು, ಡೊಳ್ಳು ಸೊಂಟದ ಪಕ್ಕಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಳು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ಮಾತ್ರ ಗೊತ್ತಿತ್ತು, ಅವಳು ನಿಂತದ್ದಲ್ಲ, ಉಸಿರು ಬಿಡುತ್ತಿದ್ದಾಳೆ. ಮುಖ ನೆಲಕ್ಕಿಳಿಯಿತು. ಎದ್ದಾಗ ನೋಟು ತುಟಿಯಲ್ಲಿತ್ತು. ಬಡಿತ ಎಲ್ಲೂ ತಪ್ಪಿರಲಿಲ್ಲ.

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಅಪ್ಪ ತಟ್ಟಲಿಲ್ಲ. ಮೊಮ್ಮಗಳನ್ನು ಹತ್ತಿರ ಕರೆದು, ಅವಳ ಮೊಣಕಾಲನ್ನು ಕೈಯಿಂದ ಮುಟ್ಟಿ ನೋಡಿದ. ಬಿದಿರಿನ ಮಾತು ತಪ್ಪಾಯಿತು ಕೂಸೇ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಆದ್ರೆ ನಾನು ಮಾತು ಕೊಟ್ಟಿದ್ದು ಇವಳಿಗಲ್ಲ. ನಿಂಗೆ. ನೀನು ಎತ್ತಿದ್ರೆ ಡೊಳ್ಳು ನಿಮ್ಮ ಮನೆಗೆ ಹೋಗುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ಇದು ಡೊಳ್ಳನ್ನು ಇಟ್ಟುಕೊಳ್ಳುವ ಉಪಾಯ ಅಂದುಕೊಂಡೆ. ಹಾಗಂತ ಹೇಳಲು ಹೊರಟು ಅವನ ಮುಖ ನೋಡಿದೆ. ಅಲ್ಲಿ ಉಪಾಯ ಇರಲಿಲ್ಲ. ಹಿತ್ತಲ ಕಟ್ಟಿಗೆಯ ಮರೆಯಲ್ಲಿ ನಾನು ಬಾಗುತ್ತಿದ್ದದ್ದನ್ನು ಅವನು ನೋಡಿದ್ದ, ಅವ್ವ ನಿಲ್ಲಿಸಿದಾಗ ಸುಮ್ಮನಿದ್ದ. ಆ ಕೊರಗು ಇಷ್ಟು ವರ್ಷ ಅವನೊಳಗೇ ಉಳಿದಿತ್ತು.

ಆದರೆ ಮನೆಯಲ್ಲಿ ನಾನು ಬಾಗಿದ್ದು ಬರಿಗೈಯಲ್ಲಿ. ಡೊಳ್ಳಿನ ಭಾರ ಹೊತ್ತು ಅಲ್ಲ. ನಾನು ಎತ್ತದಿದ್ದರೆ, ನೋಟು ಎತ್ತಿದ ಮಗಳು ಮತ್ತೆ ಹಿಂದಿನ ಸಾಲಿನಲ್ಲಿ ತಾಳ ಹಿಡಿಯಬೇಕು.

"ಅಮ್ಮ, ದಿನಾ ಮಾಡ್ತಿದ್ದಿದ್ದೇ ಅಲ್ವಾ? ಬಾ," ಅಂದಳು ತನು.

ಅವ್ವ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಸೀರೆಗೆ ಗಟ್ಟಿಯಾಗಿ ಕಚ್ಚೆ ಹಾಕಿ ಕಟ್ಟಿದಳು.

ಹೊರಗೆ ಬಂದು ಸ್ವಲ್ಪ ಹೊತ್ತು ಅಂಗಳದಲ್ಲಿ ಓಡಾಡಿ ಮೈ ಬಿಸಿ ಮಾಡಿಕೊಂಡೆ. ಗಂಡಸರಲ್ಲೊಬ್ಬ ಏನೋ ಅಂದ, ಸುದೀಪ ಅವನನ್ನು ಗದರಿಸಿ, ನೋಟನ್ನು ಮತ್ತೆ ಮಡಚಿ ನಿಲ್ಲಿಸಿದ. ತನು ಹಗ್ಗ ಬಿಗಿದಳು. ಭಾರ ಸೊಂಟಕ್ಕಿಳಿಯಿತು. ಕೋಲೆತ್ತಿದೆ, ಕೈ ನಡೆ ಹಿಡಿಯಿತು. ಕಾಲು ಸರಿದವು. ಹಣೆ ಅಕ್ಕಿ ಡಬ್ಬದ ಎತ್ತರ ದಾಟಿತು, ದಿಂಬಿನ ಎತ್ತರ ದಾಟಿತು. ತೊಡೆಯ ಹಿಂದೆ ಹಿಡಿಯಿತು. ಅಲ್ಲೇ ನಿಂತೆ. ಡೊಳ್ಳು ನನ್ನನ್ನು ಒಂದು ಕಡೆಗೆ ಎಳೆಯುತ್ತಿತ್ತು, ಹಿಮ್ಮಡಿ ನಡುಗುತ್ತಿತ್ತು. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟರೆ ಮುಗಿಯುತ್ತಿತ್ತು. ಬಿಡಲಿಲ್ಲ. ಉಸಿರನ್ನು ಮಾತ್ರ ಬಿಟ್ಟೆ, ಇನ್ನೊಮ್ಮೆ ಬಿಟ್ಟೆ. ಮೂಗಿಗೆ ಸಾರಿಸಿದ ನೆಲದ ವಾಸನೆ ಬಂತು. ತುಟಿಗೆ ಕಾಗದ ತಾಗಿತು.

ಎದ್ದು ನಿಂತಾಗ ನೋಟು ತುಟಿಯಲ್ಲಿತ್ತು, ಕಣ್ಣು ಮಂಜಾಗಿತ್ತು. ತನು ಸಿಳ್ಳೆ ಹಾಕುತ್ತಿದ್ದಳು. ನಮ್ಮೆಜಮಾನರು ಪಕ್ಕದವರಿಗೆ, ಇವಳಿಗೋಸ್ಕರ ತಾನೇ ನಾನು ಸಾರು ಬಿಸಿ ಮಾಡಿದ್ದು ಅಂತ ಹೇಳುತ್ತಿದ್ದರು.

ಅಪ್ಪ ಕುರ್ಚಿಯಿಂದ ಎದ್ದು ಬಂದು, ನನ್ನ ಸೊಂಟದಲ್ಲಿದ್ದ ಡೊಳ್ಳಿನ ಮೇಲೆ ಕೈಯಿಟ್ಟು, ಇನ್ನು ಇದು ನಿಂದು ಕಣೇ ಎಂದ. ಕೊಟ್ಟ ಮಾತು ಉಳಿಸಿಕೊಂಡ.