ಫಿರಂಗಿ ಬಿಟ್ಟು ಕೆಳಗಿಳಿದವನು

ಕ್ಯಾಪ್ಟನ್ನರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ನೌಕಾಪಡೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಾಲರಿನಲ್ಲಿ ಸುಕ್ಕು ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಯುದ್ಧದ ಹಡಗು ನಡೆಸಿದೋರು ಅಂಗಿ ತೋಳಿನ ಮೇಲೆ ದಾರಿ ತಪ್ತೀರಲ್ರೀ!" ಹೆಂಡತಿ ಅಡುಗೆಮನೆಯಿಂದಲೇ ಚುಚ್ಚಿದಳು. "ಯಾರೋ ಬಾಗಿಲು ತಟ್ತಿದ್ದಾರೆ, ನೋಡಿ."

ಬಾಗಿಲಲ್ಲಿ ಒಬ್ಬ ಮುದುಕಿ. ಕೊರಳಲ್ಲಿ ದರ್ಜಿಯ ಅಳತೆಪಟ್ಟಿ. ತೆಗೆದಿಡಲು ಮರೆತೇ ಬಂದಿದ್ದಳು. ಆ ಮೊಂಡು ಮೂಗು ನೋಡಿದ್ದೇ ಅವರಿಗೆ ಯಾರೆಂದು ತಿಳಿಯಿತು. ಹಡಗಿನಲ್ಲಿ ಎಲ್ಲರೂ 'ಸಿಳ್ಳೆ' ಎಂದು ಕರೆಯುತ್ತಿದ್ದ, ಯುದ್ಧದಲ್ಲಿ ಸತ್ತ ನಾವಿಕನ ತಂಗಿ; ಮೂಗು ಅಣ್ಣನದೇ. ಅಣ್ಣ ಫಿರಂಗಿ ಬಿಟ್ಟು ಕೆಳಗೆ ಯಾಕೆ ಹೋದ ಎಂದು ಹೋದ ವರ್ಷ ಬರೆದು ಕೇಳಿದ್ದಳು. ಅವರು ಉತ್ತರ ಶುರುಮಾಡಿ, 'ತಂಗಿಗೆ' ಎಂಬಲ್ಲಿಗೇ ನಿಲ್ಲಿಸಿದ್ದರು.

"ಒಳಗೆ ಬರಲ್ಲ ಸಾರ್, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ. ಬಂದರಿನ ಸ್ಮಾರಕದ ಕಲ್ಲಲ್ಲಿ ಅಣ್ಣನ ಹೆಸರು ಕೆತ್ತಲ್ಲ ಅಂದುಬಿಟ್ರು ಮಾಜಿ ನಾವಿಕರ ಸಂಘದೋರು. ಫಿರಂಗಿ ಬಿಟ್ಟು ಓಡಿಹೋದೋನಂತೆ. ನಿಮ್ಮನ್ನೂ ಕೇಳಿದ್ರಂತೆ, ನೀವು ಏನೂ ಹೇಳಲಿಲ್ವಂತೆ."

ಕ್ಯಾಪ್ಟನ್ನರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಿಮ್ಮ ಕಷ್ಟ ಅರ್ಥ ಆಗುತ್ತೆ ಸಾರ್. ಸತ್ತೋನ್ನ ಹೇಡಿ ಅಂತ ಹೇಗೆ ಹೇಳ್ತೀರಾ? ಅವತ್ತೂ ಅಷ್ಟೇ, ಕರ್ತವ್ಯದಲ್ಲೇ ಪ್ರಾಣ ಬಿಟ್ಟ ಅಂತ ಅಮ್ಮನಿಗೆ ಬರೆದು ನಮ್ಮ ಮರ್ಯಾದೆ ಕಾಪಾಡಿದ್ರಿ. ಅವನ ಪರವಾಗಿ ನಾನು ಕ್ಷಮೆ ಕೇಳಿ ಹೋಗೋಣ ಅಂತ ಬಂದೆ."

ಕೈಮುಗಿದು ಮೆಟ್ಟಿಲಿಳಿದಳು. ಬೀದಿಯ ತಿರುವಿನಲ್ಲಿ ಅವಳು ಮರೆಯಾದಾಗ ಕ್ಯಾಪ್ಟನ್ನರ ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂಬುದಕ್ಕೇ ಅವರು ಕುಗ್ಗಿಹೋದರು.

"ಅಯ್ಯೋ, ಅಂಗಿ ಸುಟ್ಟುಹೋಯ್ತಲ್ರೀ!" ಹೆಂಡತಿ ಓಡಿಬಂದು ಇಸ್ತ್ರಿಪೆಟ್ಟಿಗೆ ಎತ್ತಿದಳು. ಗಂಡನ ಮುಖ ನೋಡಿ ಬೈಗುಳ ಅಲ್ಲೇ ನುಂಗಿದಳು. "ಏನಾಯ್ತು?"

"ಅವನು ಓಡಿಹೋಗಲಿಲ್ಲ ಕಣೇ. ನಾನೇ ಕಳಿಸಿದ್ದು."

ನೌಕಾಪಡೆಯಲ್ಲಿ ಬರಿತಲೆಯಲ್ಲಿ ಸೆಲ್ಯೂಟ್ ಹೊಡೆಯುವಂತಿಲ್ಲ. ಅಂದು ಬೆಳಿಗ್ಗೆ ಅಡ್ಮಿರಲ್ಲರ ದೋಣಿ ಹಡಗಿನತ್ತ ಬರುತ್ತಿತ್ತು. ಇವರ ಭುಜಕ್ಕೆ ಹೊಸ ಪಟ್ಟಿ ಬಂದು ವಾರವಾಗಿರಲಿಲ್ಲ. ಟೋಪಿ ಮಾತ್ರ ಕೆಳಗಿನ ಕೋಣೆಯಲ್ಲೇ ಉಳಿದಿತ್ತು. ಹತ್ತಿರ ಕಂಡವನು ಫಿರಂಗಿಯ ಕಾವಲಿಗಿದ್ದ ಸಿಳ್ಳೆ. "ಓಡೋ, ನನ್ನ ಟೋಪಿ ತಾ" ಎಂದರು. "ಸಾರ್, ಫಿರಂಗಿ..." ಎಂದು ಅವನು ಅನುಮಾನಿಸಿದ. "ನಾನಿಲ್ವೇನೋ ಇಲ್ಲಿ? ಓಡು!" ಅವನು ಇಳಿದ ಮರುಗಳಿಗೆಯಲ್ಲೇ ಶತ್ರುವಿನ ಟಾರ್ಪಿಡೊ ಹಡಗಿನ ಹೊಟ್ಟೆ ಸೀಳಿತು. ಕೆಳಗಿನ ಕೋಣೆಗಳಿಗೆಲ್ಲ ನೀರು ನುಗ್ಗಿತು.

"ಫಿರಂಗಿ ಹತ್ರ ಯಾಕೆ ಯಾರೂ ಇರಲಿಲ್ಲ ಅಂತ ಆಮೇಲೆ ವಿಚಾರಣೆಲಿ ಕೇಳಿದ್ರು. ಗೊತ್ತಿಲ್ಲ ಸಾರ್ ಅಂದೆ. ಆ ಒಂದು ಮಾತಿನ ಮೇಲೆ ಮೆಡಲ್ ಬಂತು, ಬಡ್ತಿ ಬಂತು, ನನ್ನದೇ ಹಡಗು ಬಂತು. ಕೊನೆಗೆ ತರಬೇತಿ ಶಾಲೆಲಿ ಹುಡುಗರನ್ನ ನಿಲ್ಲಿಸಿಕೊಂಡು 'ತಪ್ಪು ಒಪ್ಪಿಕೊಳ್ಳೋನೇ ಅಧಿಕಾರಿ' ಅಂತ ಪಾಠ ಹೇಳಿದೆ. ಚಪ್ಪಾಳೆ ತಟ್ಟಿದ್ರು ಕಣೇ!"

ಹೆಂಡತಿ ಸುಟ್ಟ ಅಂಗಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಇಷ್ಟು ವರ್ಷ ಒಂದೇ ದಿಂಬಿಗೆ ತಲೆಕೊಟ್ಟಿದ್ದೀವಿ," ಎಂದಳು. "ನಿದ್ದೆ ಹೇಗ್ರೀ ಬರ್ತಿತ್ತು ನಿಮಗೆ?"

ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು.

ಮೇಜಿನ ಮುಂದೆ ಕೂತು ಬರೆದರು. ಮೊದಲ ಹಾಳೆಯಲ್ಲಿ ಯುದ್ಧದ ಗಡಿಬಿಡಿ, ತಮ್ಮ ಎಳೆಯ ವಯಸ್ಸು, ಎಲ್ಲ ಬಂತು. ಹೆಂಡತಿ ಓದಿ, "ಇದರಲ್ಲಿ ನೀವೇ ತುಂಬಿದ್ದೀರಿ, ಆ ಹುಡುಗ ಎಲ್ಲಿ?" ಎಂದಳು. ಹಾಳೆ ಹರಿದರು. ಎರಡನೆಯದರಲ್ಲಿ ನಡೆದದ್ದನ್ನಷ್ಟೇ ಬರೆದು, ಅದನ್ನೇ ಇನ್ನೊಂದು ಹಾಳೆಗೆ ಇಳಿಸಿದರು. ಒಂದು ಸಂಘಕ್ಕೆ, ಒಂದು ತಂಗಿಗೆ.

"ಸಂಘದ ಗೋಡೆಯಿಂದ ನನ್ನ ಫೋಟೋ ಇಳಿಸ್ತಾರೆ. ಬೀದಿಲಿ ತಲೆ ಎತ್ತೋ ಹಾಗಿರಲ್ಲ. ನಿನಗೂ ಅವಮಾನ," ಎಂದರು. 'ಹೋಗಲಿ ಬಿಡಿ' ಎಂದಾಳೇನೋ ಎಂದು ಕಾದರು.

"ಅಂಚೆ ಕಚೇರಿ ಮುಚ್ಚೋ ಹೊತ್ತಾಯ್ತು," ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. "ನಡೀರಿ, ನಾನೂ ಬರ್ತೀನಿ."

ಗುಮಾಸ್ತೆ ಎರಡೂ ಲಕೋಟೆಗಳನ್ನು ತೂಗಿ, ಚೀಟಿ ಅಂಟಿಸಿ, ಮುದ್ರೆ ಒತ್ತಿದಳು. "ಕಳಿಸೋರ ವಿಳಾಸದ ಮೇಲೆ ಹೆಸರೇ ಬರೆದಿಲ್ವಲ್ಲ ಅಜ್ಜಾ?"

ಕ್ಯಾಪ್ಟನ್ನರು ಪೆನ್ನು ಕೇಳಿ ತೆಗೆದುಕೊಂಡರು. ಎರಡರ ಮೇಲೂ ತಮ್ಮ ಪೂರ್ತಿ ಹೆಸರು ಬರೆದು, ಕಿಟಕಿಯೊಳಗೆ ತಳ್ಳಿದರು.