ಮಾವನ ಹೆಬ್ಬೆರಳು

ಮೊಣಕೈ ಕೆಳಗೆ ಮತ್ತೆ ಕುರು ಎದ್ದಿತ್ತು. ಎಷ್ಟನೆಯದೋ, ಲೆಕ್ಕ ಬಿಟ್ಟಿದ್ದೇನೆ. ಕೆಂಪಗೆ ಊದಿ, ಕೀವು ತುಂಬಿ, ಕೊಡ ಎತ್ತಲೂ ಆಗುತ್ತಿರಲಿಲ್ಲ. ಯಾರು ಕೇಳಿದರೂ ಉಷ್ಣ ಎನ್ನುತ್ತಿದ್ದೆ. ಪಾಪ, ಉಷ್ಣದ ತಲೆ ಮೇಲೆ ಇನ್ನೆಷ್ಟು ಹೊರಿಸಲಿ!

ನನಗೆ ಎಚ್‌ಐವಿ ಇದೆ. ಗಂಡನಿಂದ ಬಂದದ್ದು. ಅವನು ಕಾಮಾಲೆಯಿಂದ ಹೋದ ಎಂದೇ ಮನೆಯವರು ನಂಬಿದ್ದಾರೆ. ಮಾತ್ರೆ ಹತ್ತಿರದ ಸೊರಬದಲ್ಲೇ ಸಿಗುತ್ತದೆ. ಆದರೆ ಅಲ್ಲಿ ಊರಿನವರ ಕಣ್ಣು ತಪ್ಪಿಸಲಾಗದು. ಅದಕ್ಕೇ ತಿಂಗಳು ತಿಂಗಳೂ ತವರಿನ ನೆಪ ಹೇಳಿ ಶಿಕಾರಿಪುರದ ಬಸ್ಸು ಹತ್ತುತ್ತೇನೆ. ಈ ಸಲ ಕುರಿಗಳ ಉಣ್ಣೆ ಕತ್ತರಿಸುವ ಗಡಿಬಿಡಿಯಲ್ಲಿ ಹೋಗಲಾಗಲಿಲ್ಲ. ಮಾತ್ರೆ ತಪ್ಪಿತು.

ಕುರಿಯ ಮೈಮೇಲಿನ ಗಂಟು ಕೊಯ್ಯುವುದು ಮಾವ ಉಜ್ಜಪ್ಪನವರಿಗೆ ನೀರು ಕುಡಿದಷ್ಟು ಸುಲಭ. ಬ್ಲೇಡಿನಿಂದ ಸೀಳಿ, ಹೆಬ್ಬೆರಳಲ್ಲಿ ಒತ್ತಿ ಕೀವು ತೆಗೆದು, ಅರಿಸಿನ, ಬೇವಿನೆಣ್ಣೆ ಹಚ್ಚುತ್ತಾರೆ. ಆ ಬೆಳಿಗ್ಗೆ ನನ್ನ ಜ್ವರ ನೋಡಿ ಅದೇ ಸಾಮಾನು ಹಿಡಿದು ಎದುರಿಗೆ ಕೂತರು.

“ಕೈ ಕೊಡು ಸುಮಾ. ಒಂದ್ ಗಳಿಗೆ ಉರೀತೈತೆ, ಅಷ್ಟೇ.”

ಅವರ ಹೆಬ್ಬೆರಳಿನಲ್ಲಿ ಉಣ್ಣೆ ಕತ್ತರಿ ತಾಗಿದ ಹಸಿ ಗಾಯವಿತ್ತು. ಸುಮ್ಮನಿರಬಹುದಿತ್ತು, ಸುಳ್ಳು ನನ್ನ ಬಾಯಿಗೆ ರೂಢಿಯಾಗಿತ್ತು. ಆದರೆ ನನ್ನ ರಕ್ತ ಆ ಗಾಯಕ್ಕೆ ತಾಗಿದರೆ?

“ಮುಟ್ಟಬ್ಯಾಡ್ರಿ ಮಾವ. ನಂಗೆ ಎಚ್‌ಐವಿ ಐತೆ.”

ಚಾಚಿದ ಕೈ ಥಟ್ಟನೆ ಹಿಂದಕ್ಕೆ ಹೋಯಿತು. ಕುರುವಿಗಿಂತ ಅದೇ ಹೆಚ್ಚು ನೋಯಿತು. ಮಾವ ಎದ್ದು ಹೊರಗೆ ಹೋದರು. ರೋಗ ಬಂದ ಕುರಿಯನ್ನು ಅವರು ಹಿಂಡಿನಿಂದ ಬೇರೆ ಕಟ್ಟುತ್ತಾರೆ. ಇನ್ನು ನಾನೂ ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ. ಹೆದರುವಷ್ಟೂ ತ್ರಾಣವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು, ಟವಲು ಹೆಗಲಿಗೆ ಹಾಕಿಕೊಂಡು ಬಂದರು.

“ಏಳು. ಔಷಧಿ ಎಲ್ಲಿ ತಗೊಳ್ತೀಯೋ ಅಲ್ಲಿಗೇ ಹೋಗಾಣ.”

ಬಸ್ಸಿನಲ್ಲಿ ನನ್ನಿಂದ ದೂರದ ಸೀಟಿನಲ್ಲಿ ಕೂತರು. ಶಿಕಾರಿಪುರದಲ್ಲಿ ಡಾಕ್ಟರು ಕುರು ಕೊಯ್ದು ಪಟ್ಟಿ ಕಟ್ಟಿದರು. ಮೈಯ ಶಕ್ತಿ ಕುಗ್ಗಿದಾಗ ಇಂಥ ಸೋಂಕು ಮತ್ತೆ ಮತ್ತೆ ಬರುತ್ತದೆ, ಮಾತ್ರೆ ತಪ್ಪಿಸಬಾರದು ಎಂದು ಗದರಿದರು. ಬಾಗಿಲಲ್ಲೇ ನಿಂತಿದ್ದ ಮಾವನಿಗೆ, “ಮುಟ್ಟಿದ್ರೆ ಬರಲ್ಲ ಯಜಮಾನ್ರೇ. ರಕ್ತ, ಕೀವಿಗೆ ಬರಿಗೈ ಹಾಕಬೇಡಿ, ಅಷ್ಟೇ” ಎಂದರು.

ವಾಪಸು ಬರುವಾಗ ಮಾವ ನನ್ನ ಪಕ್ಕದಲ್ಲೇ ಕೂತರು. ಆಮೇಲೆ ಕೇಳಿದರು:

“ನನ್ ಮಗನಿಂದ್ಲೇ ಏನು?”

“ಹೂಂ ಮಾವ.”

ಟವಲಿನಿಂದ ಮುಖ ಒರೆಸಿಕೊಂಡರು. “ಮುಂದಿನ್ ತಿಂಗ್ಳು ಇಷ್ಟ್ ದೂರ ಬ್ಯಾಡ. ಸೊರಬಕ್ಕೇ ಹೋಗಾಣ.”

“ಊರೋರು ನೋಡ್ತಾರೆ.”

“ನೋಡ್ಲಿ. ನಾನೂ ಜೊತೆಗಿರ್ತೀನಲ್ಲ.”

ಗುರುತಿನವರು ಯಾರು ಹತ್ತುತ್ತಾರೋ ಎಂದು ನಾನು ಈ ಬಸ್ಸಿನಲ್ಲಿ ಎಂದೂ ಕಣ್ಣು ಮುಚ್ಚಿದವಳಲ್ಲ. ಅವತ್ತು ಕಿಟಕಿಗೆ ತಲೆ ಆನಿಸಿ ನಿದ್ದೆಹೋದೆ. ಸೊರಬ ಬಂದಾಗ ಮಾವ ಭುಜ ಮುಟ್ಟಿ ಎಬ್ಬಿಸಿದರು.